ಇನ್ನೂರು ರೂಪಾಯಿಯ ಪುಟ್ಟ ಕಾರಿಗೆ ಸಾವಿರಾರು ರೂಪಾಯಿ ಬೆಲೆ ಬರೋದು ಹೇಗೆ? | ಪಾಡ್‌ಕಾಸ್ಟ್ ಅಕ್ಷರರೂಪ

(ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆಯನ್ನ ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ.

ಹೋದ ವರ್ಷದ ಒಂದು ಶನಿವಾರ. ನಮ್ಮ ಮನೆ ಹತ್ತಿರದ ಸೂಪರ್‌ಮಾರ್ಕೆಟ್ ಬಾಗಿಲು ತೆಗೆಯೋಕೆ ಮುಂಚೆನೇ ನಾನು ಹೊರಗೆ ನಿಂತಿದ್ದೆ. ಹಾಲಿಗಲ್ಲ, ಬ್ರೆಡ್ಡಿಗಲ್ಲ. ಹಿಂದಿನ ರಾತ್ರಿ ಒಂದು ವಾಟ್ಸ್‌ಆಪ್ ಗ್ರೂಪ್‌ನಲ್ಲಿ ‘ಹೊಸ ಸ್ಟಾಕ್ ಬಂದಿದೆ’ ಅಂತ ಮೆಸೇಜ್ ಬಂದಿತ್ತು. ಬಾಗಿಲು ತೆಗೆದ ತಕ್ಷಣ ಸೀದಾ ಆಟಿಕೆ ಸೆಕ್ಷನ್‌ಗೆ ಹೋದೆ. ಐದು ನಿಮಿಷದಲ್ಲಿ ನನ್ನ ಬುಟ್ಟಿಯಲ್ಲಿ ಹನ್ನೊಂದು ಹಾಟ್ ವೀಲ್ಸ್ ಕಾರು. ಗೋಡೆಯ ಕೊಕ್ಕೆಗಳಲ್ಲಿ ಉಳಿದಿದ್ದು ಯಾರಿಗೂ ಬೇಡವಾದ ಎರಡು ಮೂರು ಫ್ಯಾಂಟಸಿ ಕಾರು ಮಾತ್ರ.

ಆಗ ಒಬ್ಬ ಹುಡುಗ ಬಂದ. ಏಳೆಂಟು ವರ್ಷ ಇರಬಹುದು. ಕೊಕ್ಕೆ ನೋಡಿದ, ನನ್ನ ಬುಟ್ಟಿ ನೋಡಿದ, “ಅಪ್ಪಾ, ಎಲ್ಲಾ ಖಾಲಿ” ಅಂದ. ಅವರಪ್ಪ ನನ್ನ ಕಡೆ ತಿರುಗಿ, “ಸರ್, ಅದರಲ್ಲಿ ಒಂದು ಕೊಡೋಕಾಗುತ್ತಾ? ಇವತ್ತು ಇವನ ಬರ್ತ್‌ಡೇ” ಅಂದ್ರು. ನಾನೇನು ಮಾಡಿದೆ ಗೊತ್ತಾ? ಫೋನ್ ಬಂದವರ ಥರ ಮೊಬೈಲ್ ಕಿವಿಗಿಟ್ಟುಕೊಂಡು ಬಿಲ್ಲಿಂಗ್ ಕೌಂಟರ್ ಕಡೆ ನಡೆದುಬಿಟ್ಟೆ.

ಆ ದಿನ ರಾತ್ರಿ ಆ ಹನ್ನೊಂದು ಕಾರುಗಳನ್ನ ಮಂಚದ ಮೇಲೆ ಹರಡಿಕೊಂಡು ಕೂತಾಗ ಒಂದು ಪ್ರಶ್ನೆ ಬಂತು. ಇಪ್ಪತ್ತೇಳು ವರ್ಷದ ನಾನು ಒಂದು ಮಗುವಿನ ಆಟಿಕೆಯನ್ನ ಇಷ್ಟು ಆಸೆಯಿಂದ ಯಾಕೆ ಹಿಡ್ಕೊಂಡಿದ್ದೀನಿ? ಇದರ ಬೆಲೆ ಎಲ್ಲಿಂದ ಬರುತ್ತೆ? ಅದನ್ನೇ ಇವತ್ತು ಮಾತಾಡೋಣ. ಈ ಹವ್ಯಾಸಕ್ಕೆ ಹೊಸದಾಗಿ ಬಂದಿದ್ರೆ ಇದು ನಿಮಗೆ ದುಡ್ಡು ಉಳಿಸುತ್ತೆ. ನನ್ನ ಥರ ಆಗಲೇ ಮುಳುಗಿದ್ರೆ, ಸ್ವಲ್ಪ ತಲೆ ಮೇಲೆತ್ತಿ ಉಸಿರಾಡೋಕೆ ಸಹಾಯ ಆಗಬಹುದು.

ಡೈಕಾಸ್ಟ್ ಅಂದ್ರೆ ಏನು?

ಡೈ ಅಂದ್ರೆ ಅಚ್ಚು, ಕಾಸ್ಟ್ ಅಂದ್ರೆ ಎರಕ. ಉಕ್ಕಿನ ಅಚ್ಚಿನೊಳಗೆ ಕರಗಿದ ಲೋಹವನ್ನ ಜೋರಾದ ಒತ್ತಡದಲ್ಲಿ ನುಗ್ಗಿಸ್ತಾರೆ. ತಣ್ಣಗಾದ ಮೇಲೆ ಅಚ್ಚು ತೆರೆದರೆ ಕಾರಿನ ಬಾಡಿ ಸಿದ್ಧ. ಆ ಲೋಹದ ಹೆಸರು ಜಮಾಕ್. ಅದರಲ್ಲಿ ಬಹುಪಾಲು ಸತುವು, ಜೊತೆಗೆ ಸುಮಾರು ಶೇಕಡಾ 4ರಷ್ಟು ಅಲ್ಯೂಮಿನಿಯಂ, ಇನ್ನು ಚೂರೇ ಚೂರು ಮೆಗ್ನೀಸಿಯಂ, ತಾಮ್ರ.

ಕಬ್ಬಿಣ ಬಿಟ್ಟು ಸತುವೇ ಯಾಕೆ? ಈ ಮಿಶ್ರಲೋಹ ಸುಮಾರು 385 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತೆ. ಅಲ್ಯೂಮಿನಿಯಂಗೆ 660 ಬೇಕು, ಕಬ್ಬಿಣಕ್ಕೆ 1,500ಕ್ಕೂ ಹೆಚ್ಚು. ಕಡಿಮೆ ಶಾಖ ಸಾಕಾಗೋದರಿಂದ ಉಕ್ಕಿನ ಅಚ್ಚು ಬೇಗ ಹಾಳಾಗಲ್ಲ. ಒಂದೇ ಅಚ್ಚಿನಿಂದ ಲಕ್ಷಗಟ್ಟಲೆ ಕಾರು ತೆಗೀಬಹುದು. ಲೋಹ ಸಲೀಸಾಗಿ ಹರಿಯೋದರಿಂದ ಬಾಗಿಲಿನ ಗೆರೆ, ಹೆಡ್‌ಲೈಟ್‌ನಂಥ ಸಣ್ಣ ಸಣ್ಣ ವಿವರಗಳೂ ಮೂಡುತ್ತವೆ.

ಆಮೇಲೆ ಬಣ್ಣ. ಅದರ ಮೇಲೆ ಸ್ಟಿಕ್ಕರ್ ಥರ ಕಾಣೋ ಚಿತ್ರಗಳಿದಾವಲ್ಲ, ಅವು ಸ್ಟಿಕ್ಕರ್ ಅಲ್ಲ. ಮೆತ್ತನೆಯ ಸಿಲಿಕಾನ್ ದಿಂಬಿನಿಂದ ಮುದ್ರೆ ಒತ್ತಿದ ಹಾಗೆ ಒತ್ತಿರೋ ಶಾಯಿ. ಇದಕ್ಕೆ ಟ್ಯಾಂಪೋ ಅಂತಾರೆ. ಕೊನೆಗೆ ಕಿಟಕಿ, ಸೀಟು, ಚಕ್ರ ಜೋಡಿಸಿ ತಳಭಾಗವನ್ನ ರಿವೆಟ್ ಹೊಡೆದು ಸೇರಿಸ್ತಾರೆ. ನಿಮ್ಮ ಹತ್ರ ಒಂದು ಕಾರಿದ್ರೆ ತಿರುಗಿಸಿ ನೋಡಿ, ಆ ರಿವೆಟ್‌ಗಳು ಕಾಣ್ತವೆ.

ಇಲ್ಲಿ ಒಂದು ವಿಷಯ ನೆನಪಿಟ್ಟುಕೊಳ್ಳಿ. ಈ ಇಡೀ ಕೆಲಸದಲ್ಲಿ ದುಬಾರಿ ಆಗೋದು ಅಚ್ಚು. ಅದು ಒಮ್ಮೆ ತಯಾರಾದ್ರೆ ಕಂಪನಿ ಅದನ್ನೇ ವರ್ಷಗಟ್ಟಲೆ, ಕೆಲವೊಮ್ಮೆ ದಶಕಗಟ್ಟಲೆ ಬಳಸುತ್ತೆ. ಬಣ್ಣ ಬದಲಾಗುತ್ತೆ, ಚಕ್ರ ಬದಲಾಗುತ್ತೆ, ಕಾರು ಅದೇ ಇರುತ್ತೆ.

1:64 ಅಂದ್ರೆ ಎಷ್ಟು?

ಪ್ಯಾಕೆಟ್ ಮೇಲೆ 1:64, 1:43, 1:18 ಅಂತೆಲ್ಲ ಬರೆದಿರುತ್ತೆ. ಲೆಕ್ಕ ಸುಲಭ. ನಿಜವಾದ ಕಾರನ್ನ ಅಷ್ಟರಿಂದ ಭಾಗಿಸಿ. ನಮ್ಮ ಅಂಬಾಸಿಡರ್ ಕಾರು ಸುಮಾರು 4.3 ಮೀಟರ್ ಉದ್ದ. 1:64ರಲ್ಲಿ ಅದು ಸುಮಾರು 6.7 ಸೆಂಟಿಮೀಟರ್, ಅಂಗೈಯಲ್ಲಿ ಮುಚ್ಚಿಡಬಹುದು. 1:43ರಲ್ಲಿ 10 ಸೆಂಟಿಮೀಟರ್. 1:18ರಲ್ಲಿ 24 ಸೆಂಟಿಮೀಟರ್, ಅಂದ್ರೆ ಶೆಲ್ಫ್‌ನಲ್ಲಿ ಒಂದು ಪುಸ್ತಕದಷ್ಟು ಜಾಗ ಬೇಕು.

ಈ 43 ಅನ್ನೋ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಮೆಕಾನೊ ಅನ್ನೋ ಕಂಪನಿ ಆಟದ ರೈಲುಗಳನ್ನ ಮಾಡ್ತಿತ್ತು. ಆ ರೈಲುಗಳ ಪಕ್ಕದಲ್ಲಿ ನಿಲ್ಲಿಸೋಕೆ ಅಂತ 1930ರ ದಶಕದಲ್ಲಿ ಪುಟ್ಟ ವಾಹನಗಳನ್ನ ಶುರು ಮಾಡಿದ್ರು. ಅವೇ ಮುಂದೆ ಡಿಂಕಿ ಟಾಯ್ಸ್ ಆದವು. ಆ ರೈಲಿನ ಅಳತೆಯಲ್ಲಿ ಒಂದು ಅಡಿಗೆ 7 ಮಿಲಿಮೀಟರ್. ಭಾಗಿಸಿ ನೋಡಿದ್ರೆ ಸುಮಾರು 43.

ಹಾಟ್ ವೀಲ್ಸ್‌ನ 1:64 ಮಾತ್ರ ಕಟ್ಟುನಿಟ್ಟಿನ ಅಳತೆ ಅಲ್ಲ. ನಿಜವಾಗಿ 1:64 ಅಂದ್ರೆ 12 ಮೀಟರ್‌ನ ಸಿಟಿ ಬಸ್ ಹೆಚ್ಚುಕಡಿಮೆ 19 ಸೆಂಟಿಮೀಟರ್ ಇರಬೇಕು. ಆದ್ರೆ ಬಸ್ಸೂ ಕಾರೂ ಎರಡೂ ಅದೇ ಪ್ಯಾಕೆಟ್‌ಗೆ, ಅದೇ ಟ್ರ್ಯಾಕ್‌ಗೆ ಹೊಂದಬೇಕಲ್ಲ? ಹಾಗಾಗಿ ಹಿಗ್ಗಿಸ್ತಾರೆ, ಕುಗ್ಗಿಸ್ತಾರೆ. ಜಪಾನಿನ ಟೊಮಿಕಾ ಕೂಡ ಹೀಗೇ ಡಬ್ಬಿಗೆ ಹೊಂದೋ ಹಾಗೆ ಮಾಡುತ್ತೆ, ಆದ್ರೆ ಯಾವ ಅಳತೆ ಅನ್ನೋದನ್ನ ತಳದಲ್ಲೇ ಬರೆದಿರುತ್ತೆ. ಮಿನಿ ಜಿಟಿ ಥರದ ಕಂಪನಿಗಳು 1:64ನ್ನ ಸರಿಯಾಗಿ ಪಾಲಿಸ್ತವೆ. ಅವುಗಳ ಬೆಲೆ ನಮ್ಮಲ್ಲಿ ಸಾವಿರ ರೂಪಾಯಿ ದಾಟುತ್ತೆ.

ಬೆಂಕಿಪೊಟ್ಟಣದಿಂದ ರೇಸ್ ಟ್ರ್ಯಾಕ್‌ವರೆಗೆ

ಈ ಗಾತ್ರ ಇಷ್ಟು ಜನಪ್ರಿಯ ಆಗಿದ್ದಕ್ಕೆ ಒಂದು ಚೆಂದದ ಕಾರಣ ಇದೆ. ಲಂಡನ್ನಿನ ಲೆಸ್ನಿ ಅನ್ನೋ ಕಂಪನಿಯಲ್ಲಿ ಜ್ಯಾಕ್ ಓಡೆಲ್ ಅನ್ನೋ ಎಂಜಿನಿಯರ್ ಇದ್ದರು. ಅವರ ಮಗಳ ಶಾಲೆಯಲ್ಲಿ ಒಂದು ನಿಯಮ. ಬೆಂಕಿಪೊಟ್ಟಣದೊಳಗೆ ಹಿಡಿಸೋ ಆಟಿಕೆಯನ್ನ ಮಾತ್ರ ತರಬಹುದು. ಅಪ್ಪ ಒಂದು ಪುಟಾಣಿ ರೋಡ್ ರೋಲರ್ ಮಾಡಿಕೊಟ್ಟರು. ಮಗಳ ಗೆಳತಿಯರಿಗೆಲ್ಲ ಅಂಥದ್ದೇ ಬೇಕಾಯ್ತು. 1953ರಲ್ಲಿ ‘ಮ್ಯಾಚ್‌ಬಾಕ್ಸ್’ ಸರಣಿ ಹುಟ್ಟಿತು. ಒಂದು ಮಗು ತನ್ನ ಪಾಕೆಟ್ ಮನಿಯಲ್ಲಿ ತಾನೇ ಕೊಳ್ಳಬಹುದಾದ ಕಾರು. ಈ ಮಾತು ಆಮೇಲೆ ಮತ್ತೆ ಬರುತ್ತೆ, ನೆನಪಿರಲಿ.

1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ತಂತು. ಮೊದಲ ವರ್ಷ 16 ಕಾರು. ಮ್ಯಾಚ್‌ಬಾಕ್ಸ್ ಕಾರುಗಳು ರಸ್ತೆಯಲ್ಲಿ ಕಾಣೋ ಸಾಧಾರಣ ವಾಹನಗಳ ಥರ ಇದ್ದರೆ, ಇವು ಮಿರಿಮಿರಿ ಬಣ್ಣದ, ಮಾರ್ಪಡಿಸಿದ ರೇಸ್ ಕಾರುಗಳು. ಘರ್ಷಣೆ ಕಡಿಮೆ ಇರೋ ಚಕ್ರಗಳಿದ್ದಿದ್ದರಿಂದ ನಿಜವಾಗಲೂ ಜೋರಾಗಿ ಓಡ್ತಿದ್ದವು. ಮ್ಯಾಚ್‌ಬಾಕ್ಸ್ ಪೆಟ್ಟು ತಿಂತು. 1982ರಲ್ಲಿ ಲೆಸ್ನಿ ದಿವಾಳಿಯಾಯ್ತು. ಕೈ ಬದಲಾಗ್ತಾ ಬದಲಾಗ್ತಾ 1997ರಲ್ಲಿ ಆ ಬ್ರ್ಯಾಂಡ್ ಮ್ಯಾಟೆಲ್ ಕೈಗೇ ಬಂತು. ಈಗ ಎರಡೂ ಒಂದೇ ಮನೆಯವು.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. ಡಿಂಕಿಯ ಹಳೇ ಅಚ್ಚುಗಳು ಕಲ್ಕತ್ತಾಗೆ ಬಂದು, ಅಲ್ಲಿ ‘ನಿಕಿ ಟಾಯ್ಸ್’ ಅನ್ನೋ ಹೆಸರಲ್ಲಿ ಕಾರುಗಳು ತಯಾರಾದವು. 80–90ರ ದಶಕದಲ್ಲಿ ‘ಲಿಯೋ’ ಹೆಸರಿನ ಜೊತೆ ಹಾಟ್ ವೀಲ್ಸ್ ಭಾರತದಲ್ಲೇ ತಯಾರಾಗ್ತಿತ್ತು. ವಿದೇಶದ ಸಂಗ್ರಾಹಕರು ಈಗ ಅವನ್ನ ಹುಡುಕಿಕೊಂಡು ಬರ್ತಾರೆ. ಬೆಂಗಳೂರಿನ ಸಂಡೇ ಬಜಾರ್‌ನಲ್ಲಿ, ಹಳೇ ಚಾರ್ಜರ್, ರಿಮೋಟ್‌ಗಳ ರಾಶಿ ನಡುವೆ ನನಗೂ ಒಂದು ಸಿಕ್ಕಿತು. ಬಣ್ಣ ಅರ್ಧ ಹೋಗಿದೆ, ಒಂದು ಚಕ್ರ ಸೊಟ್ಟ, ತಳದಲ್ಲಿ ‘ಇಂಡಿಯಾ’ ಅಂತ ಅಚ್ಚಾಗಿದೆ. ನಲವತ್ತು ಹೇಳಿದ್ರು, ಮೂವತ್ತಕ್ಕೆ ಕೊಟ್ಟರು.

ಅಪರೂಪ ಅನ್ನೋದನ್ನ ತಯಾರಿಸೋದು ಹೇಗೆ?

ಈಗ ಅಸಲಿ ವಿಷಯಕ್ಕೆ ಬರೋಣ. ಮ್ಯಾಟೆಲ್ ಹೇಳೋ ಪ್ರಕಾರ 1968ರಿಂದ ಈವರೆಗೆ 800 ಕೋಟಿಗೂ ಹೆಚ್ಚು ಹಾಟ್ ವೀಲ್ಸ್ ಮಾರಾಟವಾಗಿವೆ. ಪ್ರಪಂಚದ ಜನಸಂಖ್ಯೆಯಷ್ಟು! ಇಷ್ಟು ರಾಶಿ ಇರೋ ವಸ್ತು ‘ಅಪರೂಪ’ ಆಗೋದು ಹೇಗೆ?

1995ರಲ್ಲಿ ಕಂಪನಿ ‘ಟ್ರೆಷರ್ ಹಂಟ್’ ಅಂತ ಶುರು ಮಾಡ್ತು. ಆ ವರ್ಷ 12 ಕಾರುಗಳು, ಒಂದೊಂದೂ ಹತ್ತು ಸಾವಿರ ಮಾತ್ರ. ಮಾಮೂಲಿ ಕಾರುಗಳ ಜೊತೆಗೇ ಬೆರೆಸಿ, ಅದೇ ಬೆಲೆಗೆ ಅಂಗಡಿಗೆ ಕಳಿಸಿದ್ರು. 2007ರಲ್ಲಿ ಅದರ ಮೇಲೆ ‘ಸೂಪರ್ ಟ್ರೆಷರ್ ಹಂಟ್’ ಬಂತು. ಇದರಲ್ಲಿ ಪ್ಲಾಸ್ಟಿಕ್ ಬದಲು ರಬ್ಬರ್ ಟೈರ್, ಹೊಳೆಯೋ ಸ್ಪೆಕ್ಟ್ರಾಫ್ಲೇಮ್ ಬಣ್ಣ, ಬಾಡಿ ಮೇಲೆ ಎಲ್ಲೋ ಒಂದು ಕಡೆ ‘ಟಿಎಚ್’ ಅನ್ನೋ ಸಣ್ಣ ಅಕ್ಷರ ಇರುತ್ತೆ. ಮಾಮೂಲಿ ಟ್ರೆಷರ್ ಹಂಟ್‌ನಲ್ಲಿ ವೃತ್ತದೊಳಗೆ ಜ್ವಾಲೆ ಇರೋ ಒಂದು ಚಿಹ್ನೆ ಇರುತ್ತೆ. ಅದು ಸೂಪರ್‌ನಷ್ಟು ಅಪರೂಪ ಅಲ್ಲ. ಎಷ್ಟೋ ಜನ ಹೊಸಬರು ಇವೆರಡನ್ನ ಒಂದೇ ಅಂದ್ಕೊಂಡು ದುಡ್ಡು ಕಳ್ಕೊಳ್ತಾರೆ.

ಅಂಗಡಿಗಳಲ್ಲಿ ನಮ್ಮಂಥವರು ಪ್ಯಾಕೆಟ್‌ಗಳನ್ನ ಒಂದೊಂದಾಗಿ ಸರಿಸಿ ಸರಿಸಿ ನೋಡ್ತಿರ್ತೀವಲ್ಲ, ಅದು ಇದಕ್ಕೇ. ಒಂಥರಾ ಲಾಟರಿ. ಇನ್ನೂರು ರೂಪಾಯಿಯೊಳಗಿನ ಕಾರಿಗೆ ಹೊರಗೆ ಕೆಲವು ಸಾವಿರ ಸಿಗಬಹುದು ಅನ್ನೋ ಆಸೆ. ಆ ಆಸೆ ಇರೋದರಿಂದಲೇ ಕೆಲವರು ಇಡೀ ಸ್ಟಾಕ್ ಎತ್ತಿಬಿಡ್ತಾರೆ. ಸ್ಟಾಕ್ ಎತ್ತಿದ್ದರಿಂದ ಮಾಮೂಲಿ ಕಾರುಗಳೂ ಸಿಗಲ್ಲ. ಸಿಗದೇ ಇದ್ದಾಗ ಅವಕ್ಕೂ ಮುನ್ನೂರು, ನಾಲ್ಕುನೂರು ಅಂತ ರೇಟ್ ಕಟ್ತಾರೆ. ಅಂದ್ರೆ ಅಭಾವದ ಒಂದು ಪಾಲು ಕಾರ್ಖಾನೆಯಿಂದ ಬಂದ್ರೆ, ಇನ್ನೊಂದು ಪಾಲು ನಮ್ಮ ನಮ್ಮ ಬುಟ್ಟಿಗಳಿಂದಲೇ ಬರುತ್ತೆ.

ಇನ್ನು ಸರ್ಕಾರದ ನಿಯಮಗಳೂ ಇವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯ್ತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಮಕ್ಕಳ ಸುರಕ್ಷತೆಗೆ, ಇಲ್ಲಿನ ತಯಾರಕರಿಗೆ ಇದರಿಂದ ಅನುಕೂಲ ಇದೆ. ಆದ್ರೆ ವಿದೇಶದಲ್ಲಿ ಅಗ್ಗಕ್ಕೆ ಸಿಗೋ ಕಾರಿಗೆ ಇಲ್ಲಿ ಬೆಲೆ ಹೆಚ್ಚಾಗೋಕೆ ಇದೂ ಒಂದು ಕಾರಣ.

‘ಇನ್ವೆಸ್ಟ್‌ಮೆಂಟ್’ ಅನ್ನೋ ಭ್ರಮೆ

ರೀಲ್ಸ್‌ನಲ್ಲಿ ನೀವು ಒಂದು ಕಥೆ ಕೇಳಿರ್ತೀರಾ. ಗುಲಾಬಿ ಬಣ್ಣದ ಫೋಕ್ಸ್‌ವ್ಯಾಗನ್ ‘ಬೀಚ್ ಬಾಂಬ್’, ಬೆಲೆ ಒಂದೂವರೆ ಲಕ್ಷ ಡಾಲರ್ ಅಂತ. ಕಾರು ನಿಜ, ಆ ಅಂದಾಜೂ ಚಾಲ್ತಿಯಲ್ಲಿದೆ. ಆದ್ರೆ ರೀಲ್ಸ್ ಹೇಳದ ವಿಷಯ ಏನು ಅಂದ್ರೆ, ಅದು 1969ರ ಪ್ರಯೋಗದ ಮಾದರಿ. ಅಗಲ ಸಾಲದೆ ಟ್ರ್ಯಾಕ್‌ನ ಯಂತ್ರದಲ್ಲಿ ಸರಿಯಾಗಿ ಓಡಲಿಲ್ಲ. ವಿನ್ಯಾಸ ಬದಲಾಯಿಸಿ ಬೇರೆಯದನ್ನ ಮಾರಿದ್ರು. ಅದು ಅಂಗಡಿಗೆ ಬಂದೇ ಇಲ್ಲ! ಬರದೇ ಇರೋದಕ್ಕೇ ಅಷ್ಟು ಬೆಲೆ. ನಾವು ಸೂಪರ್‌ಮಾರ್ಕೆಟ್ ಕೊಕ್ಕೆಯಲ್ಲಿ ಎಷ್ಟು ಹುಡುಕಿದ್ರೂ ಅಂಥದ್ದು ಸಿಗಲ್ಲ.

ನನ್ನ ಲೆಕ್ಕ ಕೇಳಿ. ನಲವತ್ತು ‘ಬೇಡಿಕೆ ಇರೋ’ ಕಾರುಗಳನ್ನ ಗ್ರೂಪ್‌ಗಳಲ್ಲಿ ಮಾರಾಟಕ್ಕೆ ಹಾಕಿದೆ. ಒಂದು ತಿಂಗಳಲ್ಲಿ ಹೋಗಿದ್ದು ಆರು. ಎರಡು ಐನೂರಕ್ಕೆ, ನಾಲ್ಕು ಇನ್ನೂರಕ್ಕೆ, ಒಟ್ಟು 1,800. ನಾನು ಕೊಂಡಿದ್ದು ತಲಾ 179ಕ್ಕೆ, ಅಂದ್ರೆ 1,074. ಕೊರಿಯರ್ ನನ್ನದೇ ಖರ್ಚು. ಬಬಲ್ ರ್‍ಯಾಪ್, ಡಬ್ಬ ಎಲ್ಲ ಸೇರಿ ತಲಾ 90, ಅಂದ್ರೆ 540. ಉಳಿದಿದ್ದು 186 ರೂಪಾಯಿ. ಒಂದು ತಿಂಗಳ ‘ವ್ಯಾಪಾರ’ಕ್ಕೆ! ಉಳಿದ ಮೂವತ್ತನಾಲ್ಕು ಇನ್ನೂ ಕಪಾಟಿನಲ್ಲೇ ಇವೆ.

ಇದಕ್ಕಿಂತ ಹೆಚ್ಚು ನೋವಾಗಿದ್ದು ಇನ್ನೊಂದು. ಇನ್‌ಸ್ಟಾಗ್ರಾಂನ ಒಂದು ಪೇಜ್‌ನಲ್ಲಿ ಪ್ರೀಆರ್ಡರ್ ಅಂತ 4,500 ರೂಪಾಯಿ ಮುಂಗಡ ಕಳಿಸಿದೆ. ಮೂರು ತಿಂಗಳು ‘ಕಸ್ಟಮ್ಸ್‌ನಲ್ಲಿದೆ ಬ್ರೋ’ ಅಂದ್ರು. ನಾಲ್ಕನೇ ತಿಂಗಳು ಪೇಜೇ ಇರಲಿಲ್ಲ. ಕಾರಿಗೆ ಮೋಸ ಹೋದೆ ಅಂತ ಹೇಳ್ಕೊಳ್ಳೋಕೆ ನಾಚಿಕೆಯಾಗಿ ನಾನು ದೂರು ಕೊಡಲಿಲ್ಲ. ನೀವು ಹಾಗೆ ಮಾಡಬೇಡಿ. ಆನ್‌ಲೈನ್‌ನಲ್ಲಿ ಮೋಸ ಆದ್ರೆ 1930ಕ್ಕೆ ತಕ್ಷಣ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ದುಡ್ಡು ತಡೆಹಿಡಿಯೋ ಸಾಧ್ಯತೆ ಅಷ್ಟು ಹೆಚ್ಚು.

ಕೊಳ್ಳೋಕೆ ಮುಂಚೆ, ಕೊಂಡ ಮೇಲೆ

ಹೊಸಬರಿಗೆ ನಾಲ್ಕು ಮಾತು.

ಒಂದು: ತಳದಲ್ಲಿರೋ ಇಸವಿ ನೋಡಿ ಮೋಸ ಹೋಗಬೇಡಿ. ಅದು ಆ ವಿನ್ಯಾಸದ ಹಕ್ಕು ಪಡೆದ ವರ್ಷ, ನಿಮ್ಮ ಕೈಲಿರೋ ಕಾರು ತಯಾರಾದ ವರ್ಷ ಅಲ್ಲ. ಆಗಲೇ ಹೇಳಿದ್ನಲ್ಲ, ಒಂದೇ ಅಚ್ಚು ಎಷ್ಟೋ ವರ್ಷ ಓಡುತ್ತೆ. ಈಚಿನ ಹಾಟ್ ವೀಲ್ಸ್ ತಳದಲ್ಲಿ ಒಂದು ಇಂಗ್ಲಿಷ್ ಅಕ್ಷರ, ಎರಡು ಅಂಕಿ ಇರುತ್ತೆ. ಅಕ್ಷರ ವರ್ಷದ್ದು, ಅಂಕಿ ಯಾವ ವಾರ ಅನ್ನೋದು. ‘ವಿಂಟೇಜ್’ ಅಂತ ಯಾರಾದ್ರೂ ಮಾರೋಕೆ ಬಂದ್ರೆ ಮೊದಲು ತಳದ ಫೋಟೋ ಕೇಳಿ.

ಎರಡು: ಒಂದು ವಿಷಯ ಆರಿಸಿಕೊಳ್ಳಿ. ಎಲ್ಲಾ ಕಾರು ಬೇಕು ಅಂದ್ರೆ ಆಗಲ್ಲ. ಹಾಟ್ ವೀಲ್ಸ್‌ನ ಮಾಮೂಲಿ ಸಾಲಿನಲ್ಲೇ ವರ್ಷಕ್ಕೆ 250 ಬರುತ್ತೆ. ನನ್ನ ಗೆಳೆಯನೊಬ್ಬ ಆಂಬ್ಯುಲೆನ್ಸ್, ಫೈರ್ ಎಂಜಿನ್ ಮಾತ್ರ ಕೂಡಿಸ್ತಾನೆ. ಅವನ ಹತ್ರ ಇರೋದು ಇಪ್ಪತ್ತಾರೇ, ಆದ್ರೆ ಒಂದೊಂದರ ಬಗ್ಗೆಯೂ ಹತ್ತು ನಿಮಿಷ ಮಾತಾಡ್ತಾನೆ. ನನ್ನ ಹತ್ರ ಇನ್ನೂರರ ಮೇಲಿದೆ, ಅರ್ಧದ ಹೆಸರೇ ನೆನಪಿಲ್ಲ.

ಮೂರು: ತಿಂಗಳಿಗೆ ಇಷ್ಟೇ ಅಂತ ಒಂದು ಮಿತಿ ಹಾಕಿಕೊಂಡು, ಅದನ್ನ ಎಲ್ಲಾದ್ರೂ ಬರೆದಿಡಿ. ಯುಪಿಐನಲ್ಲಿ ಇನ್ನೂರು ಇನ್ನೂರು ಅಂತ ಹೋಗಿದ್ದು ಗೊತ್ತೇ ಆಗಲ್ಲ. ಲೂಸ್ ಕಾರು, ಅಂದ್ರೆ ಪ್ಯಾಕೆಟ್ ಇಲ್ಲದ್ದು ಕೊಂಡರೆ ಅರ್ಧ ಬೆಲೆಗೂ ಸಿಗುತ್ತೆ.

ನಾಲ್ಕು: ಬಿಸಿಲು ಮತ್ತು ತೇವದಿಂದ ದೂರ ಇಡಿ. ಬಿಸಿಲಿಗೆ ಬಣ್ಣ ಮಾಸುತ್ತೆ, ಪ್ಯಾಕೆಟ್‌ನ ಪ್ಲಾಸ್ಟಿಕ್ ಹಳದಿಯಾಗುತ್ತೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಡಬ್ಬದೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ. ಹಳೇ ಕಾರು ಕೊಳ್ಳೋರು ಮೈಮೇಲೆ ಸಣ್ಣ ಬಿರುಕು, ಉಬ್ಬು ಇದ್ಯಾ ನೋಡಿ. ಸತುವಿನಲ್ಲಿ ಸೀಸದಂಥ ಕಲ್ಮಶ ಬೆರೆತಿದ್ರೆ ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಬಿರಿದು ಪುಡಿಯಾಗುತ್ತೆ. ಇದನ್ನ ಜಿಂಕ್ ಪೆಸ್ಟ್ ಅಂತಾರೆ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಹೀಗೇ ಹೋದವು. ಅವನ್ನ ಎಷ್ಟು ಜೋಪಾನ ಮಾಡಿದ್ರೂ ಉಳಿಸೋಕಾಗಲಿಲ್ಲ. ಗಾಜಿನ ಕಪಾಟಿನಲ್ಲಿಟ್ಟ ಮಾತ್ರಕ್ಕೆ ಎಲ್ಲವೂ ಶಾಶ್ವತ ಅಂತೇನಿಲ್ಲ.

ಕೊನೆಗೆ ಆ ಹನ್ನೊಂದು ಕಾರು

ಆ ಹನ್ನೊಂದು ಕಾರುಗಳು ಏನಾದವು ಅಂತ ಕೇಳ್ತೀರಾ? ಅವುಗಳಲ್ಲಿ ಒಂದೂ ಟ್ರೆಷರ್ ಹಂಟ್ ಆಗಿರಲಿಲ್ಲ. ಕಪಾಟಿನಲ್ಲೇ ಇದ್ದವು.

ದಸರಾ ರಜೆಗೆ ಅಕ್ಕ ಮಗನ ಜೊತೆ ಬಂದಿದ್ದಳು. ಅವನಿಗೆ ಆರು ವರ್ಷ. ಕಪಾಟು ನೋಡಿ ಅವನ ಕಣ್ಣು ಅರಳಿದ್ದು ನೋಡಿ ನನಗೂ ಹೆಮ್ಮೆ ಆಯ್ತು. ಆಮೇಲೆ ಕೇಳಿದ, “ಮಾಮ, ಇವನ್ನ ಯಾಕೆ ಇನ್ನೂ ಬಿಚ್ಚಿಲ್ಲ?” “ಬಿಚ್ಚಿದ್ರೆ ಬೆಲೆ ಹೋಗುತ್ತೆ ಕಣೋ” ಅಂದೆ. “ಬಿಚ್ಚದಿದ್ರೆ ಓಡಲ್ವಲ್ಲ?” ಅಂದ.

ನನ್ನ ಹತ್ರ ಉತ್ತರ ಇರಲಿಲ್ಲ. 186 ರೂಪಾಯಿಯ ಲೆಕ್ಕ ಅವನಿಗೆ ಹೇಳೋಕಾಗುತ್ತಾ? ನಾಲ್ಕು ಪ್ಯಾಕೆಟ್ ಹರಿದೆವು. ರಟ್ಟಿನ ತುಂಡನ್ನ ಸೋಫಾ ಕೈಗೆ ಒರಗಿಸಿ ಇಳಿಜಾರು ಮಾಡಿದ್ವಿ. ನಾನು ‘ಫಾಸ್ಟ್’ ಅಂದ್ಕೊಂಡಿದ್ದ ಕಾರು ಕೊನೇ ಸ್ಥಾನ. ಗೆದ್ದಿದ್ದು ಒಂದು ಐಸ್‌ಕ್ರೀಂ ವ್ಯಾನ್. ಹೋಗುವಾಗ ಅವನು ಆ ವ್ಯಾನನ್ನ ಜೇಬಿಗೆ ಹಾಕ್ಕೊಂಡು ಹೋದ.

ನಾನು ಈ ಹವ್ಯಾಸ ಬಿಟ್ಟಿಲ್ಲ, ಬಿಡೋದೂ ಇಲ್ಲ. ಕೂಡಿಸೋದರಲ್ಲಿ ನಿಜವಾದ ಖುಷಿ ಇದೆ. ಒಂದು ಕಾರಿನ ವಿನ್ಯಾಸ, ಅದರ ಇತಿಹಾಸ, ಅದು ನೆನಪಿಸೋ ದಿನಗಳು. ತಪ್ಪಿರೋದು ಬೆಲೆಯನ್ನೇ ಪ್ರೀತಿ ಅಂದುಕೊಳ್ಳೋದರಲ್ಲಿ. ಈಗ ಒಂದು ನಿಯಮ ಮಾಡ್ಕೊಂಡಿದ್ದೀನಿ. ಅಂಗಡಿಗೆ ಒಮ್ಮೆ ಹೋದ್ರೆ ಎರಡೇ ಕಾರು. ಒಂದೇ ಥರದ್ದು ಎರಡು ಇಲ್ಲ. ಕೊಕ್ಕೆಯ ಮುಂದೆ ಮಗು ಇದ್ರೆ, ಮೊದಲು ಅದು ಆರಿಸಿಕೊಳ್ಳಲಿ. ಬೆಂಕಿಪೊಟ್ಟಣದ ಗಾತ್ರದ ಈ ಕಾರು ಹುಟ್ಟಿದ್ದೇ ಒಂದು ಮಗು ಶಾಲೆಗೆ ತಗೊಂಡು ಹೋಗ್ಲಿ ಅಂತ ಅಲ್ವಾ? ನಾವು ದೊಡ್ಡವರು ಆಮೇಲೆ ಬಂದು ಸೇರ್ಕೊಂಡವರು.

ಆ ಬರ್ತ್‌ಡೇ ಹುಡುಗ ಆಮೇಲೆ ಯಾವತ್ತೂ ಕಾಣಲಿಲ್ಲ. ಅದೇ ಸೂಪರ್‌ಮಾರ್ಕೆಟ್‌ಗೆ ಈಗಲೂ ಹೋಗ್ತೀನಿ. ಬ್ಯಾಗಿನಲ್ಲಿ ಒಂದು ಎಕ್ಸ್‌ಟ್ರಾ ಕಾರು ಇಟ್ಕೊಂಡಿರ್ತೀನಿ, ಆ ಹನ್ನೊಂದರಲ್ಲಿ ಒಂದು.

ನಿಮ್ಮ ಮೊದಲ ಪುಟ್ಟ ಕಾರು ಯಾವುದು? ಯಾರು ಕೊಡಿಸಿದ್ರು? ಈಗ ಅದು ಎಲ್ಲಿದೆ? ಒಂದು ವಾಯ್ಸ್ ನೋಟ್ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಕೆಲವನ್ನ ಕೇಳಿಸ್ತೀವಿ. ಅಲ್ಲಿವರೆಗೂ ಹುಷಾರಾಗಿರಿ, ಮುಂಗಡ ಕಳಿಸೋ ಮುಂಚೆ ಎರಡು ಸಲ ಯೋಚನೆ ಮಾಡಿ.